ಇಟಿಪಿ ಹಾಕಿದ ಮಾತ್ರಕ್ಕೆ ಮಾಲಿನ್ಯ ತಗ್ಗಿತೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ಲೇಟಿಂಗ್ ಘಟಕ ಇದೆ, ಅಂದರೆ ಲೋಹದ ಮಾಲನ್ನು ಬಾತ್ ಅನ್ನುವ ದ್ರಾವಣದ ತೊಟ್ಟಿಯಲ್ಲಿ ಅದ್ದಿ ಲೇಪನ ಕೊಡುತ್ತೇವೆ. ಕ್ರೋಮ್ ಮಾಡುತ್ತೇವೆ, ಸೈನೈಡ್ ಬಾತ್‌ನಲ್ಲಿ ಜಿಂಕ್ ಕೂಡ ಮಾಡುತ್ತೇವೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಕನ್ಸೆಂಟ್ (ಅನುಮತಿ) ನವೀಕರಣ ಹತ್ತಿರ ಬಂದಿದೆ. ಅರ್ಜಿಯ ಜೊತೆ ಕೊಡುವ ವರದಿಯಲ್ಲಿ 'ಪೊಲ್ಯೂಷನ್ ಅಬೇಟ್‌ಮೆಂಟ್ ಕ್ರಮಗಳು' ಅಂತ ಬರೆಯಬೇಕಂತೆ. ನಮ್ಮ ಕನ್ಸಲ್ಟೆಂಟ್ 'ಇಟಿಪಿ (ಕೊಳಕು ನೀರು ಶುದ್ಧ ಮಾಡುವ ಘಟಕ) ಇದೆ ಅಂತ ಬರೆದರೆ ಮುಗೀತು' ಅನ್ನುತ್ತಾರೆ. ಅರ್ಥಶಾಸ್ತ್ರ ಓದುತ್ತಿರುವ ಮಗಳು 'ಅಬೇಟ್‌ಮೆಂಟ್‌ಗೆ ಒಂದು ಮಿತಿ ಇದೆ ಅಪ್ಪ, ಪೂರ್ತಿ ಸೊನ್ನೆಗೆ ಇಳಿಸೋಕೆ ಹೋದರೆ ದುಡ್ಡು ದಂಡ' ಅನ್ನುತ್ತಾಳೆ. ನಿಜವಾಗಿ ಇದರ ಅರ್ಥ ಏನು? ಪ್ರಿವೆನ್ಷನ್, ಕಂಟ್ರೋಲ್ ಅನ್ನುವುದಕ್ಕಿಂತ ಇದು ಬೇರೆಯೇ? ಇಬ್ಬರಲ್ಲಿ ಯಾರ ಮಾತು ಸರಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಅಬೇಟ್‌ಮೆಂಟ್ ಅಂದರೆ ಗಾಳಿ, ನೀರು, ಮಣ್ಣಿಗೆ ಸೇರುವ ಮಾಲಿನ್ಯದ ಪ್ರಮಾಣವನ್ನು ತಗ್ಗಿಸುವುದು. ಮೊದಲು ಎಷ್ಟು ಸೇರುತ್ತಿತ್ತು, ಈಗ ಎಷ್ಟು ಸೇರುತ್ತಿದೆ? ಈ ಎರಡರ ವ್ಯತ್ಯಾಸವನ್ನು ಗ್ರಾಂ, ಕೆಜಿ ಲೆಕ್ಕದಲ್ಲಿ ಹೇಳಿದರೆ ಅದೇ ಅಬೇಟ್‌ಮೆಂಟ್. ಇಟಿಪಿ ಅದಕ್ಕೊಂದು ಸಾಧನ, ಅಷ್ಟೇ. ಹಾಗಾಗಿ ಕನ್ಸಲ್ಟೆಂಟ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಮಗಳ ಮಾತು ಅರ್ಥಶಾಸ್ತ್ರದ ಲೆಕ್ಕದಲ್ಲಿ ಸರಿ, ಆದರೆ ಕ್ರೋಮ್ ಮತ್ತು ಸೈನೈಡ್ ಬಳಸುವ ಜಾಗಕ್ಕೆ ಅದನ್ನು ಹಾಗೇ ತಂದು ಕೂರಿಸಲಾಗದು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ನಮ್ಮ ಕಾನೂನುಗಳಲ್ಲಿ ಈ ಪದ ಒಂಟಿಯಾಗಿ ಬರುವುದು ಕಡಿಮೆ. 1974ರ ಜಲ ಕಾಯ್ದೆಯ 17ನೇ ಸೆಕ್ಷನ್ ರಾಜ್ಯ ಮಂಡಳಿ ಏನೇನು ಮಾಡಬೇಕು ಅಂತ ಪಟ್ಟಿ ಕೊಡುತ್ತದೆ. ಹೊಳೆ, ಬಾವಿಗಳ ಮಾಲಿನ್ಯವನ್ನು ತಡೆಯಲು, ನಿಯಂತ್ರಿಸಲು ಅಥವಾ ತಗ್ಗಿಸಲು ಕಾರ್ಯಕ್ರಮ ರೂಪಿಸುವುದೇ ಅದರಲ್ಲಿ ಮೊದಲನೆಯದು. 1981ರ ವಾಯು ಕಾಯ್ದೆಯಲ್ಲೂ ಈ ಮೂರು ಮಾತು ಒಟ್ಟಿಗೇ ಬರುತ್ತವೆ. ಭೋಪಾಲ್ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್‌ನಲ್ಲೂ ಹಾಗೆಯೇ. ಮೂರರ ನಡುವೆ ಗೆರೆ ಎಳೆಯುವ ವ್ಯಾಖ್ಯೆಯನ್ನು ಮಾತ್ರ ಯಾವ ಕಾಯ್ದೆಯೂ ಕೊಟ್ಟಿಲ್ಲ. ನಿಮಗೆ ಗೊಂದಲ ಆಗಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಕಾಯ್ದೆಗಳಿಗಿಂತ ಹಳೆಯದು ಸಾರ್ವಜನಿಕ ಉಪದ್ರವದ ಕಾನೂನು. ಚರಂಡಿ ನಾರುತ್ತಿದ್ದರೆ, ಹೊಗೆಯಿಂದ ಬೀದಿಯ ಜನರಿಗೆ ಕಾಟವಾಗುತ್ತಿದ್ದರೆ ಅದನ್ನು ನಿವಾರಿಸಿ ಅಂತ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಸೆಕ್ಷನ್ ಆಗಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152. ಮಧ್ಯಪ್ರದೇಶದ ರತ್ಲಾಮ್ ಊರಿನ ಜನ ತೆರೆದ ಚರಂಡಿಯ ಕೊಳೆ ತಾಳಲಾರದೆ ಹೀಗೇ ದೂರು ಕೊಟ್ಟಿದ್ದರು. ಪುರಸಭೆ 'ನಮ್ಮ ಹತ್ತಿರ ದುಡ್ಡಿಲ್ಲ' ಅಂದಿತು. 1980ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನೆಪವನ್ನು ಒಪ್ಪಲಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಅಬೇಟ್‌ಮೆಂಟ್ ಅನ್ನುವುದರಲ್ಲಿ ಮೊದಲಿನಿಂದಲೂ ಒಂದು ಒತ್ತಾಯ ಇದೆ. ಎದುರಿಗಿರುವವನಿಗೆ ಆಗುತ್ತಿರುವ ತೊಂದರೆ ನಿಜವಾಗಿ ಕಡಿಮೆಯಾಗಬೇಕು. ನಾನೇನೋ ಒಂದು ಯಂತ್ರ ಹಾಕಿದ್ದೇನೆ ಅನ್ನುವುದು ಅದಕ್ಕೆ ಉತ್ತರವಾಗುವುದಿಲ್ಲ.

ಇನ್ನು ತಡೆ, ನಿಯಂತ್ರಣ, ತಗ್ಗಿಸುವಿಕೆ ಇವುಗಳ ವ್ಯತ್ಯಾಸ. ನಿಮ್ಮ ಕ್ರೋಮ್ ಬಾತ್ ಇಟ್ಟುಕೊಂಡೇ ನೋಡೋಣ. ಹೆಚ್ಚು ವಿಷಕಾರಿಯಾದ ಹೆಕ್ಸಾವೇಲೆಂಟ್ ರೂಪದ ಕ್ರೋಮಿಯಂ ಬಿಟ್ಟು, ಅಷ್ಟು ವಿಷವಲ್ಲದ ಟ್ರೈವೇಲೆಂಟ್ ರೂಪದ ಬಾತ್‌ಗೆ ಬದಲಾದರೆ ಆ ವಿಷ ನಿಮ್ಮ ಶೆಡ್‌ಗೆ ಬರುವುದೇ ಇಲ್ಲ. ಅದು ತಡೆ. ಹೆಕ್ಸಾವೇಲೆಂಟನ್ನೇ ಇಟ್ಟುಕೊಂಡು, ತೊಳೆಯುವ ನೀರಿನ ಜೊತೆ ಹೋಗುವ ಕ್ರೋಮಿಯಂ ಕಡಿಮೆ ಮಾಡಿದರೆ, ಹೋಗಿದ್ದನ್ನು ಇಟಿಪಿಯಲ್ಲಿ ಹಿಡಿದರೆ, ಅದು ತಗ್ಗಿಸುವುದು. ಒಂದು ಲೀಟರ್‌ನಲ್ಲಿ ಇಷ್ಟು ಮಿಲಿಗ್ರಾಂ ಮೀರಬಾರದು ಅಂತ ಮಂಡಳಿ ಮಿತಿ ಹಾಕಿ, ಸ್ಯಾಂಪಲ್ ತೆಗೆದು, ಮೀರಿದರೆ ನೋಟಿಸ್ ಕೊಡುವುದು ನಿಯಂತ್ರಣ. ನೆಲಕ್ಕೆ ಇಳಿದು ಬಾವಿ ಹಾಳಾದ ಮೇಲೆ ಆ ನೀರು, ಮಣ್ಣನ್ನು ಶುದ್ಧ ಮಾಡುವುದು ನಾಲ್ಕನೆಯದು. ಅದನ್ನು ಪರಿಹಾರ ಕಾರ್ಯ ಅನ್ನೋಣ. ಈ ನಾಲ್ಕರಲ್ಲಿ ಅತಿ ಹೆಚ್ಚು ದುಡ್ಡು, ಅತಿ ಹೆಚ್ಚು ವರ್ಷ ತಿನ್ನುವುದು ಇದೇ ಕೊನೆಯದು. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸಿಕ್ಕಿರುವುದು ಸರ್ಕಾರಿ ವರದಿಗಳಲ್ಲೇ ಇದೆ. ಅಲ್ಲಿ ಕೆಲಸ ಮಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಡೆಗೂ ತಗ್ಗಿಸುವುದಕ್ಕೂ ಗಟ್ಟಿ ಗೋಡೆ ಇಲ್ಲ ಅನ್ನುವುದನ್ನೂ ಹೇಳಬೇಕು. ಪೆಟ್ರೋಲ್‌ನಲ್ಲಿ ಸೀಸ ಬೆರೆಸುತ್ತಿದ್ದ ಕಾಲ ನೆನಪಿದೆಯಲ್ವಾ? 1990ರ ದಶಕದ ಕೊನೆಯಲ್ಲಿ ದೇಶದ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸ ಆಗಿನ ಮಿತಿಗಿಂತ ಜಾಸ್ತಿ ಇತ್ತು. ನಮ್ಮ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ವಿರುದ್ಧ ದುಡಿದವರಲ್ಲಿ ಮುಖ್ಯರು. ಪ್ರತಿ ವಾಹನದ ಹೊಗೆ ಕೊಳವೆಗೂ ಸೀಸ ಹಿಡಿಯುವ ಜಾಲರಿ ಹಾಕುವುದು ಆಗದ ಮಾತು. 2000ದಲ್ಲಿ ದೇಶದಾದ್ಯಂತ ಪೆಟ್ರೋಲ್‌ನಿಂದಲೇ ಸೀಸ ತೆಗೆದರು. ಗಾಳಿಗೆ ಸೇರುವ ಸೀಸ ಬಿದ್ದುಹೋಯಿತು. ಸೀಸ ಇದ್ದರೆ ಕೆಲಸ ಮಾಡದ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಗಾಗಿಯೇ ವಾಹನಗಳಿಗೆ ಹಾಕಲು ಸಾಧ್ಯವಾಯಿತು. ಮೂಲದಲ್ಲಿ ತೆಗೆದದ್ದು ಒಂದು, ಅದರಿಂದ ಕೊಳವೆಯ ತುದಿಯಲ್ಲಿ ಆದ ಲಾಭ ಇನ್ನೊಂದು. ಕೇಂದ್ರ ಸರ್ಕಾರ 1992ರ ಫೆಬ್ರವರಿಯಲ್ಲಿ ಹೊರಡಿಸಿದ ಮಾಲಿನ್ಯ ತಗ್ಗಿಸುವ ನೀತಿಯೂ ಇದನ್ನೇ ಹೇಳುತ್ತದೆ: ಕೊಳವೆಯ ತುದಿಯಲ್ಲಿ ಹಿಡಿಯುವುದನ್ನೇ ನೆಚ್ಚಿಕೊಳ್ಳಬೇಡಿ, ಹುಟ್ಟುವ ಜಾಗದಲ್ಲೇ ಕಡಿಮೆ ಮಾಡಿ.

ಆ ನೀತಿಯಲ್ಲಿ ಇನ್ನೊಂದು ಮುಖ್ಯ ಮಾತಿದೆ. ಮಾನದಂಡಗಳು ಸಾಂದ್ರತೆಯಿಂದ ಒಟ್ಟು ತೂಕದ ಕಡೆ ಹೋಗಬೇಕು ಅನ್ನುವುದು. ನಿಮ್ಮಂಥ ಘಟಕಕ್ಕೆ ಇದು ಎಲ್ಲಕ್ಕಿಂತ ಮುಖ್ಯ. ಹೊರಬಿಡುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 2 ಮಿಲಿಗ್ರಾಂ, ಹೆಕ್ಸಾವೇಲೆಂಟ್ 0.1 ಮಿಲಿಗ್ರಾಂ, ಸೈನೈಡ್ 0.2 ಮಿಲಿಗ್ರಾಂ ಮೀರಬಾರದು ಅಂತ ನಿಯಮ. ಈಗ ಲೆಕ್ಕ ನೋಡಿ. ಲೀಟರಿಗೆ 20 ಮಿಲಿಗ್ರಾಂ ಕ್ರೋಮಿಯಂ ಇರುವ 1,000 ಲೀಟರ್ ನೀರಿದೆ ಅಂದುಕೊಳ್ಳಿ. ಅದಕ್ಕೆ 9,000 ಲೀಟರ್ ಬೋರ್‌ವೆಲ್ ನೀರು ಸುರಿದರೆ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಲ್ಯಾಬ್ ವರದಿ ಪಾಸ್. ಆದರೆ ಮೊದಲೂ 20 ಗ್ರಾಂ, ಈಗಲೂ 20 ಗ್ರಾಂ. ಒಂದು ಗ್ರಾಂ ಕೂಡ ಕಡಿಮೆ ಆಗಿಲ್ಲ, ಮೇಲಿಂದ 9,000 ಲೀಟರ್ ಒಳ್ಳೆಯ ನೀರು ಹಾಳಾಯಿತು. ಇದನ್ನು ಅಬೇಟ್‌ಮೆಂಟ್ ಅನ್ನುವುದು ಸುಳ್ಳು. ಚಿಮಣಿ ಎತ್ತರ ಮಾಡಿ ಹೊಗೆಯನ್ನು ದೂರ ಕಳಿಸುವುದೂ ಹಾಗೇ. ಹತ್ತಿರದ ಮನೆಗಳಿಗೆ ಅದರಿಂದ ಉಪಕಾರ ಆಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬ್ರಿಟನ್ನಿನ ಎತ್ತರದ ಚಿಮಣಿಗಳಿಂದ ಹೊರಟ ಗಂಧಕ ನಾರ್ವೆ, ಸ್ವೀಡನ್ನಿನ ಕೆರೆಗಳಲ್ಲಿ ಆಮ್ಲ ಮಳೆಯಾಗಿ ಬಿತ್ತು.

ನಿಮ್ಮ ಶೆಡ್‌ನಲ್ಲಿ ಮಾಲಿನ್ಯ ಹುಟ್ಟುವ ಜಾಗ ಯಾವುದು? ಬಾತ್‌ನಿಂದ ಎತ್ತಿದ ಮಾಲಿಗೆ ಅಂಟಿಕೊಂಡು ಬರುವ ದ್ರಾವಣ. ಡ್ರ್ಯಾಗ್‌ಔಟ್ ಅಂತೀರಲ್ಲ, ಅದೇ. ಸಾಮಾನ್ಯ ಕ್ರೋಮ್ ಬಾತ್‌ನಲ್ಲಿ ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಸಿಡ್ ಇರುತ್ತದೆ. ಅದರಲ್ಲಿ ಕ್ರೋಮಿಯಂ ಸುಮಾರು 130 ಗ್ರಾಂ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಅನ್ನುವುದು ನಮ್ಮ ಮಾನಕ. ಗುಣಿಸಿ ನೋಡಿ. ಒಂದೇ ಒಂದು ಲೀಟರ್ ಬಾತ್ ದ್ರಾವಣ 26 ಲಕ್ಷ ಲೀಟರ್ ನೀರನ್ನು ಆ ಮಿತಿಯ ತುದಿಗೆ ತಂದು ನಿಲ್ಲಿಸಬಲ್ಲದು. ಹುಡುಗರು ಅವಸರದಲ್ಲಿ ಮಾಲು ನೇತುಹಾಕಿದ ಜಿಗ್ ಎತ್ತಿ ಸೀದಾ ತೊಳೆಯುವ ರಿನ್ಸ್ ಟ್ಯಾಂಕ್‌ಗೆ ಅದ್ದಿದಾಗ ನೆಲಕ್ಕೂ ನೀರಿಗೂ ಹೋಗುವುದು ಈ ದ್ರಾವಣ.

ಅದಕ್ಕೇ ನಿಮ್ಮಲ್ಲಿ ಮೊದಲ ಅಬೇಟ್‌ಮೆಂಟ್ ನಡೆಯಬೇಕಾದ್ದು ಇಟಿಪಿಯಲ್ಲಲ್ಲ, ಬಾತ್‌ನ ಅಂಚಿನಲ್ಲಿ. ಜಿಗ್ಗನ್ನು ನಿಧಾನ ಎತ್ತಿ, ಬಾತ್ ಮೇಲೆಯೇ ಕೆಲವು ಸೆಕೆಂಡ್ ಸೋರಲು ಬಿಡಬೇಕು. ಸೋರುವುದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಸೆಕೆಂಡುಗಳಲ್ಲೇ ಇಳಿದುಬಿಡುತ್ತದೆ. ಮಾಲನ್ನು ಓರೆಯಾಗಿ ನೇತುಹಾಕಿದರೆ ಬಟ್ಟಲಿನಂಥ ಜಾಗಗಳಲ್ಲಿ ದ್ರಾವಣ ನಿಲ್ಲುವುದಿಲ್ಲ. ಬಾತ್ ಪಕ್ಕದಲ್ಲಿ ನೀರು ಹರಿಯದ ಒಂದು ಡ್ರ್ಯಾಗ್‌ಔಟ್ ಟ್ಯಾಂಕ್ ಇಟ್ಟು, ಮೊದಲ ಅದ್ದು ಅದರಲ್ಲಿ ಮಾಡಿ. ಬಿಸಿ ಕ್ರೋಮ್ ಬಾತ್‌ನಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಆ ಕೊರತೆ ತುಂಬಲು ಈ ಟ್ಯಾಂಕಿನ ನೀರನ್ನೇ ಹಾಕಿ. ಕಳೆದುಹೋಗುತ್ತಿದ್ದ ಕ್ರೋಮಿಕ್ ಆಸಿಡ್ ವಾಪಸ್ ಬಂತು. ಖರ್ಚಿಗಿಂತ ಉಳಿತಾಯವೇ ಜಾಸ್ತಿ ಇರುವ ಅಬೇಟ್‌ಮೆಂಟ್ ಇದು. ಇಂಥ ಕೆಲಸ ಬಹಳ ಘಟಕಗಳಲ್ಲಿ ಮಾಡದೆ ಬಿಟ್ಟಿರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದೊಡ್ಡ ಬಂಡವಾಳ ಕೇಳದ ಕೆಲಸ ಇದು, ಮೇಸ್ತ್ರಿ ಮತ್ತು ಮಾಲೀಕರ ಗಮನ ಇದ್ದರೆ ಆಗುತ್ತದೆ.

ಮುಂದಿನದು ತೊಳೆಯುವ ನೀರು. ಗಂಟೆಗೆ ಒಂದು ಲೀಟರ್ ಡ್ರ್ಯಾಗ್‌ಔಟ್ ಬರುತ್ತಿದೆ, ಅದನ್ನು ಸಾವಿರ ಪಟ್ಟು ತೆಳುಮಾಡಿದರೆ ಮಾಲು ಸ್ವಚ್ಛವಾಗುತ್ತದೆ ಅಂದುಕೊಳ್ಳಿ. ಒಂದೇ ರಿನ್ಸ್ ಟ್ಯಾಂಕ್ ಇದ್ದರೆ ಗಂಟೆಗೆ 1,000 ಲೀಟರ್ ನೀರು ಹರಿಸಬೇಕು. ಎರಡು ಟ್ಯಾಂಕ್ ಸಾಲಾಗಿಟ್ಟು, ಮಾಲು ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ ಹೋಗುವಂತೆ ಮಾಡಿದರೆ ಅದೇ ಸ್ವಚ್ಛತೆಗೆ ಸುಮಾರು 32 ಲೀಟರ್ ಸಾಕು. ಮೂರು ಟ್ಯಾಂಕ್ ಆದರೆ ಸುಮಾರು 10 ಲೀಟರ್. ಹೌದು, ಸಾವಿರದಿಂದ ಹತ್ತಕ್ಕೆ. ಆದರೆ ಒಂದು ಎಚ್ಚರಿಕೆ. ನೀರು ಕಡಿಮೆಯಾಯಿತೇ ಹೊರತು ಅದರೊಳಗಿನ ಕ್ರೋಮಿಯಂ ಅಷ್ಟೇ ಇದೆ, ಈಗ ಗಟ್ಟಿಯಾಗಿದೆ. ಅಷ್ಟು ಗಟ್ಟಿ, ಅಷ್ಟು ಕಡಿಮೆ ನೀರನ್ನು ಬಾತ್‌ಗೆ ವಾಪಸ್ ಹಾಕಲು ಬರುತ್ತದೆ, ಇಟಿಪಿಯಲ್ಲಿ ಸಂಭಾಳಿಸಲೂ ಸುಲಭ. ಸಾವಿರ ಲೀಟರ್ ಇದ್ದಾಗ ಎರಡೂ ಕಷ್ಟ.

ಇಷ್ಟಾದ ಮೇಲೆ ಉಳಿದದ್ದಕ್ಕೆ ಇಟಿಪಿ ಬೇಕೇ ಬೇಕು. ಕ್ರೋಮ್ ನೀರಿನ ಪಿಎಚ್ 2ರಿಂದ 3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಹೆಕ್ಸಾವೇಲೆಂಟ್ ಕ್ರೋಮಿಯಂ ಟ್ರೈವೇಲೆಂಟ್ ಆಗುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ 8–9ಕ್ಕೆ ಏರಿಸಿದರೆ ಅದು ಗಸಿಯಾಗಿ ಕೆಳಗೆ ಕೂರುತ್ತದೆ. ಮೊದಲ ಹಂತ ಬಿಟ್ಟು ಸುಮ್ನೆ ಸುಣ್ಣ ಸುರಿದರೆ ಹೆಕ್ಸಾವೇಲೆಂಟ್ ಕೂರುವುದಿಲ್ಲ, ನೀರಿನ ಜೊತೆ ಹೊರಟುಹೋಗುತ್ತದೆ. ಇಟಿಪಿ ಇದೆ, ಮೋಟಾರ್ ಓಡುತ್ತಿದೆ, ಸುಣ್ಣದ ಚೀಲಗಳೂ ಖಾಲಿಯಾಗುತ್ತಿವೆ, ಆದರೂ ವಿಷ ಹೋಗುತ್ತಲೇ ಇದೆ. 'ಇಟಿಪಿ ಇದೆ ಅಂತ ಬರೆದರೆ ಸಾಕು' ಅನ್ನುವ ಮಾತಿಗೆ ನಾನು ಹೆದರುವುದು ಇದಕ್ಕೇ. ಸೈನೈಡ್‌ನ ದಾರಿ ಬೇರೆ. ಪಿಎಚ್ 10ಕ್ಕಿಂತ ಮೇಲಿಟ್ಟು ಹೈಪೋಕ್ಲೋರೈಟ್ ಹಾಕಿ ಅದನ್ನು ಒಡೆಯಬೇಕು.

ಈಗ ಮಗಳ ವಾದಕ್ಕೆ ಬರೋಣ. ಅವಳು ಹೇಳುತ್ತಿರುವುದಕ್ಕೆ ಹಿಂದೆ ಗಟ್ಟಿ ಲೆಕ್ಕ ಇದೆ. ರಾಯಚೂರಿನ ಶಕ್ತಿನಗರದಲ್ಲಿ ಇರುವಂಥ 210 ಮೆಗಾವಾಟ್‌ನ ಕಲ್ಲಿದ್ದಲು ಘಟಕವನ್ನು ತೆಗೆದುಕೊಳ್ಳಿ. ಪೂರ್ತಿ ಓಡಿದರೆ ಗಂಟೆಗೆ ಅಂದಾಜು 140 ಟನ್ ಕಲ್ಲಿದ್ದಲು ಬೇಕು. ನಮ್ಮ ಕಲ್ಲಿದ್ದಲಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬರೀ ಬೂದಿ. ಅದರಲ್ಲಿ ಗಂಟೆಗೆ ಸುಮಾರು 40 ಟನ್ ಹೊಗೆಯ ಜೊತೆ ಮೇಲೇಳುತ್ತದೆ. ಅದನ್ನು ಹಿಡಿಯುವುದು ಇಎಸ್‌ಪಿ, ಅಂದರೆ ವಿದ್ಯುತ್ ಹಾಯಿಸಿದ ದೊಡ್ಡ ದೊಡ್ಡ ತಗಡುಗಳ ಸಾಲು. ಬೂದಿಯ ಕಣಗಳು ತಗಡಿಗೆ ಅಂಟಿ ಕೆಳಗೆ ಉದುರುತ್ತವೆ. ಈ ಯಂತ್ರದ ಗಣಿತ ಸ್ವಾರಸ್ಯವಾಗಿದೆ. ಒಂದು ಅಳತೆಯ ತಗಡು ಹಾಕಿದರೆ ಬೂದಿಯ ಶೇ 90 ಹಿಡಿಯುತ್ತದೆ ಅಂದುಕೊಳ್ಳಿ. ಇನ್ನೂ ಅಷ್ಟೇ ತಗಡು ಹಾಕಿದರೆ ಶೇ 99. ಮತ್ತೆ ಅಷ್ಟೇ ಹಾಕಿದರೆ ಶೇ 99.9. ಮೂರು ಸಲವೂ ಖರ್ಚು ಹೆಚ್ಚುಕಡಿಮೆ ಒಂದೇ. ಮೊದಲನೆಯದು 36 ಟನ್ ಹಿಡಿಯಿತು, ಎರಡನೆಯದು 3.6 ಟನ್, ಮೂರನೆಯದು ಬರೀ 360 ಕೆಜಿ. ಒಂದೊಂದು ಕೆಜಿ ಹಿಡಿಯುವ ಖರ್ಚು ಪ್ರತಿ ಸಲ ಹತ್ತು ಪಟ್ಟು ಏರಿತು. ಅರ್ಥಶಾಸ್ತ್ರದವರು ಸೀಮಾಂತ ಅಬೇಟ್‌ಮೆಂಟ್ ವೆಚ್ಚ ಅನ್ನುವುದು ಇದನ್ನೇ, ಮುಂದಿನ ಒಂದು ಕೆಜಿ ತಗ್ಗಿಸಲು ಎಷ್ಟು ಖರ್ಚು ಅನ್ನುವ ಲೆಕ್ಕ. ಆ ಖರ್ಚು ಜನರಿಗೆ ಉಳಿಯುವ ನಷ್ಟಕ್ಕಿಂತ ಜಾಸ್ತಿಯಾದಲ್ಲಿ ನಿಲ್ಲಿ ಅನ್ನುವುದು ಅವರ ಸಲಹೆ.

ಆದರೆ ಅದೇ ಲೆಕ್ಕವನ್ನು ಚಿಮಣಿಯ ಕೆಳಗಿನ ಊರಿನಲ್ಲಿ ನಿಂತು ನೋಡಿ. ಶೇ 99 ಅಂದರೆ ಗಂಟೆಗೆ 400 ಕೆಜಿ ಬೂದಿ ಗಾಳಿಗೆ. ಶೇ 99.9 ಅಂದರೆ 40 ಕೆಜಿ. ಒಂದಕ್ಕಿಂತ ಕಡಿಮೆ ಶೇಕಡಾವಾರು ವ್ಯತ್ಯಾಸ ಅಂತ ಕಾಗದದಲ್ಲಿ ಕಾಣುವುದು ಅಲ್ಲಿನವರಿಗೆ ಹತ್ತು ಪಟ್ಟು ವ್ಯತ್ಯಾಸ. ಹಾಗಾಗಿ ಎಷ್ಟು ಶೇಕಡ ಹಿಡಿದೆವು ಅನ್ನುವುದರ ಜೊತೆ ಎಷ್ಟು ತಪ್ಪಿಸಿಕೊಂಡು ಹೋಗುತ್ತಿದೆ ಅನ್ನುವುದನ್ನೂ ಕೇಳಬೇಕು.

  

ಒಂದು ಕೆಜಿ ತಗ್ಗಿಸುವ ಖರ್ಚು ಒಬ್ಬೊಬ್ಬರಿಗೆ ಒಂದೊಂದು ಥರ ಅನ್ನುವುದನ್ನೂ ಅರ್ಥಶಾಸ್ತ್ರ ಹೇಳುತ್ತದೆ. ಅದನ್ನು ಬಳಸಿಕೊಂಡ ಒಳ್ಳೆಯ ಪ್ರಯೋಗ ಗುಜರಾತಿನ ಸೂರತ್‌ನಲ್ಲಿ ನಡೆಯಿತು. ಅಲ್ಲಿ ಬಟ್ಟೆ ಕಾರ್ಖಾನೆಗಳು ಬಾಯ್ಲರ್‌ಗೆ ಕಲ್ಲಿದ್ದಲು, ಲಿಗ್ನೈಟ್ ಸುಡುತ್ತವೆ. ಹೊಗೆಯನ್ನು ಸುತ್ತಿಸಿ ದಪ್ಪ ಧೂಳನ್ನು ಬೇರ್ಪಡಿಸುವ ಸೈಕ್ಲೋನ್ ಒಂದನ್ನೇ ಇಟ್ಟುಕೊಂಡ ಕಾರ್ಖಾನೆ, ಬಟ್ಟೆಯ ಚೀಲಗಳಲ್ಲಿ ಧೂಳು ಸೋಸುವ ಬ್ಯಾಗ್ ಫಿಲ್ಟರ್ ಹಾಕಿದರೆ ಬಹಳ ಧೂಳು ಕಡಿಮೆ ಖರ್ಚಿನಲ್ಲಿ ನಿಲ್ಲುತ್ತದೆ. ಈಗಾಗಲೇ ಫಿಲ್ಟರ್ ಇರುವವನಿಗೆ ಮುಂದಿನ ಒಂದು ಕೆಜಿ ದುಬಾರಿ. ಎಲ್ಲರಿಗೂ ಒಂದೇ ಮಿತಿ ಹಾಕುವ ಬದಲು, 2019ರಲ್ಲಿ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿ ಸಂಶೋಧಕರ ಜೊತೆ ಸೇರಿ ಧೂಳಿನ ಪರವಾನಗಿಗಳ ಮಾರುಕಟ್ಟೆ ಶುರುಮಾಡಿತು. ಇಡೀ ಗುಂಪು ಸೇರಿ ಇಷ್ಟೇ ಧೂಳು ಬಿಡಬೇಕು ಅಂತ ಒಟ್ಟು ಮಿತಿ. ಕಡಿಮೆ ಬಿಟ್ಟವನು ಉಳಿದ ಪರವಾನಗಿಯನ್ನು ಮಾರಬಹುದು, ಜಾಸ್ತಿ ಬಿಡುವವನು ಕೊಳ್ಳಬೇಕು. 300ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಮಾರುಕಟ್ಟೆಗೆ ಸೇರಿದ ಗುಂಪಿನಲ್ಲಿ ಧೂಳು ಶೇ 20ರಿಂದ 30ರಷ್ಟು ಕಡಿಮೆಯಾಯಿತು, ತಗ್ಗಿಸುವ ಖರ್ಚು ಶೇ 11ರಷ್ಟು ಇಳಿಯಿತು. ನನ್ನ ದೃಷ್ಟಿಯಲ್ಲಿ ಇದರ ಗುಟ್ಟು ಮಾರುಕಟ್ಟೆಗಿಂತ ಅಳತೆಯಲ್ಲಿದೆ. ಪ್ರತಿ ಚಿಮಣಿಗೂ ಸದಾ ಅಳೆಯುವ ಮೀಟರ್ ಹಾಕಿದ್ದರು. ವರ್ಷಕ್ಕೊಮ್ಮೆ ಬಂದು ಸ್ಯಾಂಪಲ್ ತೆಗೆಯುವ ಪದ್ಧತಿಯಲ್ಲಿ ಇಂಥದ್ದು ನಡೆಯಲು ಸಾಧ್ಯವೇ ಇಲ್ಲ.

ಹಾಗಾದರೆ ಕ್ರೋಮಿಯಂಗೂ ಇಂಥದೊಂದು ಮಾರುಕಟ್ಟೆ ಮಾಡಬಹುದಲ್ಲ ಅಂತ ಮಗಳು ಕೇಳಬಹುದು. ಬೇಡ ಅನ್ನುತ್ತೇನೆ. ಧೂಳು ಊರಿನ ಗಾಳಿಯಲ್ಲಿ ಬೆರೆಯುತ್ತದೆ. ಯಾವ ಚಿಮಣಿಯಿಂದ ಬಂತು ಅನ್ನುವುದಕ್ಕಿಂತ ಒಟ್ಟು ಎಷ್ಟು ಅನ್ನುವುದು ಅಲ್ಲಿ ಮುಖ್ಯ. ಕ್ರೋಮಿಯಂ ನಿಮ್ಮ ಶೆಡ್‌ನ ಕೆಳಗೇ ಇಳಿದು, ಪಕ್ಕದ ಕೊಳವೆಬಾವಿಗೆ ಹೋಗುತ್ತದೆ. ಹೆಕ್ಸಾವೇಲೆಂಟ್ ಕ್ಯಾನ್ಸರ್ ತರುವ ವಸ್ತು. ಒಮ್ಮೆ ಅಂತರ್ಜಲ ಸೇರಿದರೆ ತೆಗೆಯುವುದು ವರ್ಷಗಟ್ಟಲೆ ಕೆಲಸ. ಎಲ್ಲೋ ಒಬ್ಬರು ಕಡಿಮೆ ಬಿಟ್ಟರೆ ಇಲ್ಲಿನ ಬಾವಿಗೆ ಏನೂ ಲಾಭವಿಲ್ಲ. ಅಂದರೆ 'ಎಲ್ಲಿ ನಿಲ್ಲಬೇಕು' ಅನ್ನುವ ಮಗಳ ಪ್ರಶ್ನೆ ಸರಿಯೇ. ನಷ್ಟ ಇಷ್ಟು ದೊಡ್ಡದಿದ್ದಾಗ ನಿಲ್ಲುವ ಜಾಗ ಸೊನ್ನೆಗೆ ಬಹಳ ಹತ್ತಿರ ಬರುತ್ತದೆ, ಅಷ್ಟೇ. ತಮಿಳುನಾಡಿನ ಪಾಲಾರ್ ದಂಡೆಯ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ, 1996ರಲ್ಲಿ, ಸುಪ್ರೀಂ ಕೋರ್ಟ್ ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕು ಅನ್ನುವುದನ್ನು ಈ ನೆಲದ ಕಾನೂನಿನ ಭಾಗ ಅಂತ ಹೇಳಿದೆ. ಬಾವಿ ಕೆಟ್ಟರೆ ಆ ಖರ್ಚೂ ಒಂದು ದಿನ ನಿಮ್ಮ ಲೆಕ್ಕಕ್ಕೇ ಬರಬಹುದು.

ಇನ್ನೊಂದು ಸಂಗತಿ ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ತಗ್ಗಿಸಿದ ಮಾಲಿನ್ಯ ಎಲ್ಲಿಗೆ ಹೋಯಿತು? ವಿದ್ಯುತ್ ಸ್ಥಾವರಗಳ ಹೊಗೆಯಿಂದ ಗಂಧಕ ತೆಗೆಯುವ ಎಫ್‌ಜಿಡಿ ಬಗ್ಗೆ ಕೇಳಿರಬಹುದು. ಸುಣ್ಣದಕಲ್ಲಿನ ಪುಡಿ ಬೆರೆಸಿದ ನೀರಿನಲ್ಲಿ ಹೊಗೆ ಹಾಯಿಸುತ್ತಾರೆ, ಜಿಪ್ಸಂ ಸಿಗುತ್ತದೆ. ರಾಸಾಯನಿಕ ಲೆಕ್ಕದ ಪ್ರಕಾರ ಒಂದು ಟನ್ ಸಲ್ಫರ್ ಡೈಆಕ್ಸೈಡ್ ಹಿಡಿಯಲು ಸುಮಾರು 1.6 ಟನ್ ಶುದ್ಧ ಸುಣ್ಣದಕಲ್ಲು ಬೇಕು. 2.7 ಟನ್ ಜಿಪ್ಸಂ ಬರುತ್ತದೆ, ಜೊತೆಗೆ ಸುಮಾರು 0.7 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 2015ರ ಡಿಸೆಂಬರ್‌ನಲ್ಲಿ ಬಂದ ಗಂಧಕದ ಮಿತಿಯ ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರ ಜುಲೈನಲ್ಲಿ ಹೆಚ್ಚಿನ ಸ್ಥಾವರಗಳಿಗೆ ಎಫ್‌ಜಿಡಿ ಕಡ್ಡಾಯವಲ್ಲ ಅಂತಾಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಖರ್ಚು ಜಾಸ್ತಿ ಅನ್ನುವುದು ಒಂದು ವಾದ. ಅದರಲ್ಲಿ ತಥ್ಯ ಇದೆ. ಆದರೆ ಆ ಗಂಧಕ ಗಾಳಿಯಲ್ಲಿ ಸಲ್ಫೇಟ್ ಕಣಗಳಾಗಿ ನೂರಾರು ಕಿಲೋಮೀಟರ್ ದೂರದ ಜನರ ಶ್ವಾಸಕೋಶ ಸೇರುತ್ತದೆ. ಆ ನಷ್ಟವನ್ನು ಖರ್ಚಿನ ಪಟ್ಟಿಯಲ್ಲಿ ಸರಿಯಾಗಿ ಬರೆಯದೆ ಮಾಡಿದ ಲೆಕ್ಕವನ್ನು ನಾನು ಪೂರ್ತಿ ಲೆಕ್ಕ ಅನ್ನಲಾರೆ.

ನಿಮ್ಮ ಶೆಡ್‌ನಲ್ಲೂ ಇದೇ ಪ್ರಶ್ನೆ ಇದೆ. ನೀರಿನಿಂದ ತೆಗೆದ ಕ್ರೋಮಿಯಂ ಆ ಗಸಿಯಲ್ಲಿ, ಅಂದರೆ ಸ್ಲಡ್ಜ್‌ನಲ್ಲಿ ಕೂತಿದೆ. ಅದು ಅಪಾಯಕಾರಿ ತ್ಯಾಜ್ಯ. 2016ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಅದನ್ನು ಇಟ್ಟುಕೊಳ್ಳುವಂತಿಲ್ಲ. ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ವಿಲೇವಾರಿ ಜಾಗಕ್ಕೆ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ ಪತ್ರ) ಸಮೇತ ಕಳಿಸಬೇಕು. ರಾತ್ರಿ ಯಾವುದೋ ಟೆಂಪೊದಲ್ಲಿ ಹೊರಟು ರಾಜಕಾಲುವೆಗೆ ಬಿದ್ದರೆ ಇಟಿಪಿಯಲ್ಲಿ ಪಟ್ಟ ಶ್ರಮ ಎಲ್ಲ ನೀರುಪಾಲು. ಒಂದು ಹನಿಯೂ ಹೊರಗೆ ಬಿಡದ ಝಡ್‌ಎಲ್‌ಡಿ (ಝೀರೋ ಲಿಕ್ವಿಡ್ ಡಿಸ್ಚಾರ್ಜ್) ವ್ಯವಸ್ಥೆಗೂ ಇಂಥದೇ ಬೆಲೆ ಇದೆ. ಸಾವಿರ ಲೀಟರ್ ನೀರನ್ನು ಸಾದಾ ರೀತಿಯಲ್ಲಿ ಆವಿ ಮಾಡಲು 600 ಯೂನಿಟ್‌ಗಿಂತ ಹೆಚ್ಚು ಶಾಖ ಬೇಕು. ಅದಕ್ಕೆ ಸೌದೆ ಸುಟ್ಟರೆ ನೀರಿನ ಮಾಲಿನ್ಯ ಹೊಗೆಯಾಗಿ ಹೋಯಿತು ಅಷ್ಟೇ. ಮೊದಲು ರಿನ್ಸ್ ಟ್ಯಾಂಕ್ ಸರಿಮಾಡಿ, ನೀರನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿ, ಆಮೇಲೆ ಆವಿ ಮಾಡುವ ಯೋಚನೆ ಮಾಡಿ ಅನ್ನುವುದು ಇದಕ್ಕಾಗಿ.

ವರದಿಯಲ್ಲಿ ಏನು ಬರೆಯಬೇಕು ಅನ್ನುವುದು ಈಗ ನಿಮಗೇ ಹೊಳೆದಿರಬಹುದು. ತಿಂಗಳಿಗೆ ಎಷ್ಟು ಕ್ರೋಮಿಕ್ ಆಸಿಡ್ ಕೊಂಡಿರಿ, ಅದರಲ್ಲಿ ಮಾಲಿನ ಮೇಲೆ ಕೂತದ್ದು ಅಂದಾಜು ಎಷ್ಟು, ಸ್ಲಡ್ಜ್‌ನಲ್ಲಿ ಹೋದದ್ದು ಎಷ್ಟು, ನೀರಿನಲ್ಲಿ ಹೋದದ್ದು ಎಷ್ಟು ಅಂತ ಬರೆಯಿರಿ. ಡ್ರ್ಯಾಗ್‌ಔಟ್ ಟ್ಯಾಂಕ್, ಮೂರು ಹಂತದ ರಿನ್ಸ್, ದಿನದ ನೀರಿನ ಮೀಟರ್ ಓದು, ಪಿಎಚ್ ಮತ್ತು ರಾಸಾಯನಿಕ ಬಳಕೆಯ ಲಾಗ್ ಬುಕ್, ಸ್ಲಡ್ಜ್ ಕಳಿಸಿದ ಮ್ಯಾನಿಫೆಸ್ಟ್‌ಗಳು, ಇವನ್ನು ಜೊತೆಗಿಡಿ. ಹಳೆಯ ವರ್ಷದ ಅಂಕಿ ಇದ್ದರೆ ಪಕ್ಕದಲ್ಲೇ ಬರೆಯಿರಿ. ಅಬೇಟ್‌ಮೆಂಟ್ ಅನ್ನುವುದು ಆ ಎರಡು ಕಾಲಂಗಳ ನಡುವೆ ಕಾಣುತ್ತದೆ. ಕನ್ಸಲ್ಟೆಂಟ್ ಇದನ್ನು ಮಾಡಿಕೊಡದಿದ್ದರೆ ಮಗಳ ಕೈಯಲ್ಲಿ ಮಾಡಿಸಿ, ಲೆಕ್ಕ ಅವಳಿಗೆ ಚೆನ್ನಾಗಿ ಬರುತ್ತದೆ.

ಅದಕ್ಕೂ ಮುಂಚೆ ಇವತ್ತೇ ನೋಡಬೇಕಾದ ಒಂದು ಸಂಗತಿ ಇದೆ. ಜಿಂಕ್ ಲೈನಿನ ಸೈನೈಡ್ ನೀರು, ಕ್ರೋಮ್ ಲೈನಿನ ಆಮ್ಲದ ನೀರು ಎರಡೂ ಒಂದೇ ಚರಂಡಿಯಲ್ಲಿ ಸೇರಿ ಇಟಿಪಿಗೆ ಬರುತ್ತಿವೆಯೇ? ಸೈನೈಡ್‌ಗೆ ಆಮ್ಲ ಸೇರಿದರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ. ಇಟಿಪಿ ತೊಟ್ಟಿಯ ಪಕ್ಕ ನಿಂತ ಹುಡುಗನ ಜೀವ ನಿಮಿಷಗಳಲ್ಲಿ ಹೋಗಬಹುದು. ಸೇರುತ್ತಿದ್ದರೆ ಎರಡನ್ನೂ ಬೇರೆ ಮಾಡುವವರೆಗೆ ಜಿಂಕ್ ಲೈನ್ ನಿಲ್ಲಿಸಿ.